‘ವಿಶ್ವದ ಶೇ 2 ವಿಜ್ಞಾನಿಗಳು’: ಆ ಪಟ್ಟಿಯಲ್ಲಿ ಏನಿದೆ, ಏನಿಲ್ಲ

ಸೆಪ್ಟೆಂಬರ್-ಅಕ್ಟೋಬರ್ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಖಾಯಂ. ‘ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶೇ 2 ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಪ್ರಾಧ್ಯಾಪಕರು.’ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದವರ ಹೆಸರೂ ಆ ಪಟ್ಟಿಯಲ್ಲಿ ಬಂದದ್ದುಂಟು. ಶಾಲು, ಹಾರ, ಫ್ಲೆಕ್ಸ್, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಭಿನಂದನೆ ಎಲ್ಲ ನಡೆಯುತ್ತದೆ. ಕೆಲವು ವರ್ಷ ಅದೇ ಹೊತ್ತಿಗೆ, ವಿಶ್ವವಿದ್ಯಾಲಯಗಳಿಗೆ ಸ್ಥಾನ ಕೊಡುವ ಕೇಂದ್ರದ ಎನ್‌ಐಆರ್‌ಎಫ್ ರ್‍ಯಾಂಕಿಂಗ್ ಬರುತ್ತದೆ. ರಾಜ್ಯದ ಸರ್ಕಾರಿ ವಿವಿಗಳು ಹಿಂದೆ ಬಿದ್ದವು ಎಂಬ ಚರ್ಚೆ ಶುರುವಾಗುತ್ತದೆ. ವಿಜ್ಞಾನಿಗಳು ವಿಶ್ವದ ಮೇಲಿನ ಸಾಲಿನಲ್ಲಿ, ವಿಶ್ವವಿದ್ಯಾಲಯ ಮಾತ್ರ ಕೆಳಗೆ. ಓದುವವರಿಗೆ ಗೊಂದಲ ಆಗೋದು ಸಹಜ ಅಲ್ವಾ?

ಎರಡರಲ್ಲಿ ಯಾವುದೋ ಒಂದು ಸುಳ್ಳಿರಬೇಕು ಎಂದು ಅನ್ನಿಸಬಹುದು. ಹಾಗೇನಿಲ್ಲ. ಎರಡೂ ಬೇರೆ ಬೇರೆ ಸಂಗತಿಗಳನ್ನು ಅಳೆಯುತ್ತವೆ. ಗೊಂದಲ ಹುಟ್ಟುವುದು, ಒಂದು ಅಂಕಿಯನ್ನು ಅದು ಹೇಳದ ಮಾತಿಗೆ ಸಾಕ್ಷಿಯಾಗಿ ಬಳಸಿದಾಗ.

ಪಟ್ಟಿ ಬರುವುದು ಎಲ್ಲಿಂದ

ಮೊದಲಿಗೆ, ಇದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿ ಅಲ್ಲ. ಅಲ್ಲಿ ಪ್ರಾಧ್ಯಾಪಕರಾಗಿರುವ ಜಾನ್ ಇಯೊನಿಡಿಸ್ ಮತ್ತು ಅವರ ಸಂಗಡಿಗರು 2019ರಲ್ಲಿ ಶುರು ಮಾಡಿದ ದತ್ತಾಂಶ ಪಟ್ಟಿ. ಎಲ್ಸೆವಿಯರ್ ಎಂಬ ಪ್ರಕಾಶನ ಕಂಪನಿ ಪ್ರಬಂಧಗಳನ್ನು ದಾಖಲಿಸಿಡುವ ‘ಸ್ಕೋಪಸ್’ ದತ್ತಾಂಶವೇ ಇದಕ್ಕೆ ಆಧಾರ. ಇದಕ್ಕೆ ಯಾರೂ ಅರ್ಜಿ ಹಾಕುವುದಿಲ್ಲ, ಯಾರೂ ಸಂದರ್ಶನ ಮಾಡುವುದಿಲ್ಲ. ಒಬ್ಬೊಬ್ಬರ ಪ್ರಬಂಧಗಳನ್ನು ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಕಂಪ್ಯೂಟರ್ ಎಣಿಸುತ್ತದೆ.

ತಮಾಷೆ ಎಂದರೆ, ‘ಪ್ರಕಟವಾದ ಸಂಶೋಧನೆಗಳಲ್ಲಿ ಹೆಚ್ಚಿನವು ತಪ್ಪು’ ಎಂದು 2005ರಲ್ಲಿ ವಾದಿಸಿ ವೈದ್ಯಕೀಯ ಲೋಕದಲ್ಲಿ ಗದ್ದಲ ಎಬ್ಬಿಸಿದವರೂ ಇದೇ ಇಯೊನಿಡಿಸ್. ಸಂಶೋಧನೆಯ ಲೆಕ್ಕಾಚಾರವನ್ನು ಅಷ್ಟು ಅನುಮಾನದಿಂದ ನೋಡುವ ಮನುಷ್ಯ ಮಾಡಿದ ಪಟ್ಟಿಯನ್ನು ನಾವು ಫ್ಲೆಕ್ಸ್‌ಗೆ ಏರಿಸಿದ್ದೇವೆ.

ಪಟ್ಟಿಯಲ್ಲಿ ಎರಡು ಬಗೆ. ಒಂದು, ಇಡೀ ವೃತ್ತಿಜೀವನದ ಲೆಕ್ಕ. ಇನ್ನೊಂದು, ಹಿಂದಿನ ಒಂದೇ ವರ್ಷದ ಲೆಕ್ಕ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಸುದ್ದಿಯಲ್ಲಿ ಮಾತ್ರ ಯಾವುದು ಎಂದು ಹೇಳುವುದು ಅಪರೂಪ. ಇಡೀ ವಿದ್ಯಾಲೋಕವನ್ನು 22 ಕ್ಷೇತ್ರ, 174 ಉಪಕ್ಷೇತ್ರಗಳಾಗಿ ಹಂಚಿದ್ದಾರೆ. ಒಟ್ಟಾರೆ ಅಂಕದಲ್ಲಿ ಮೊದಲ ಒಂದು ಲಕ್ಷದೊಳಗೆ ಬಂದವರು ಅಥವಾ ತಮ್ಮ ಉಪಕ್ಷೇತ್ರದ ಮೇಲಿನ ಶೇ 2ರಲ್ಲಿ ಇರುವವರು ಪಟ್ಟಿಗೆ ಸೇರುತ್ತಾರೆ. ಹಾಗಾಗಿ ಎರಡು ಲಕ್ಷಕ್ಕೂ ಹೆಚ್ಚು ಹೆಸರು. ಉಪಕ್ಷೇತ್ರದೊಳಗೇ ಹೋಲಿಸುವುದು ಸರಿಯಾದ ಕ್ರಮ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಮೇಲ್ದರ್ಜೆಯ ‘ಸರಕು’ ಅಡಿಕೆಯ ರೇಟಿಗೆ ಕೆಳದರ್ಜೆಯ ‘ಗೊರಬಲ’ನ್ನು ಯಾರಾದರೂ ಕೇಳುತ್ತಾರಾ? ಸರಕಿಗೆ ಸರಕಿನ ರೇಟು, ಗೊರಬಲಿಗೆ ಗೊರಬಲಿನ ರೇಟು. ಪಟ್ಟಿ ಮಾಡಿದವರಿಗೆ ಇದು ಗೊತ್ತಿತ್ತು. ಪಟ್ಟಿ ಓದಿದ ನಾವು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದೆವು.

ಮೂರು ಕ್ಷೇತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಈ ವ್ಯತ್ಯಾಸ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ. ಕಣ ಭೌತಶಾಸ್ತ್ರ, ವೈದ್ಯಕೀಯ ಮತ್ತು ರಾಜಕೀಯ ಸಂವಹನ.

ಐದು ಸಾವಿರ ಜನ ಬರೆದ ಪ್ರಬಂಧ

2012ರ ಜುಲೈ 4ರಂದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ ಹಿಗ್ಸ್ ಕಣ ಸಿಕ್ಕಿತು ಎಂದು ಪ್ರಕಟಿಸಿತು. ಅಲ್ಲಿ ಅಟ್ಲಾಸ್, ಸಿಎಂಎಸ್ ಎಂಬ ಎರಡು ದೊಡ್ಡ ತಂಡಗಳು ಬೇರೆ ಬೇರೆಯಾಗಿ ಹುಡುಕುತ್ತಿದ್ದವು. 2015ರಲ್ಲಿ ಎರಡೂ ತಂಡ ಸೇರಿ ಆ ಕಣದ ತೂಕದ ಬಗ್ಗೆ ಒಂದು ಪ್ರಬಂಧ ಬರೆದವು. ಲೇಖಕರ ಸಂಖ್ಯೆ 5,154. ಒಟ್ಟು 33 ಪುಟಗಳಲ್ಲಿ ವಿಜ್ಞಾನಕ್ಕೆ ಒಂಬತ್ತು ಪುಟ, ಉಳಿದ 24 ಪುಟ ಬರೀ ಹೆಸರುಗಳು ಮತ್ತು ಸಂಸ್ಥೆಗಳು.

ಇದರಲ್ಲಿ ಮೋಸ ಏನೂ ಇಲ್ಲ. ಯಂತ್ರ ಕಟ್ಟಿದವರು, ಅದನ್ನು ಹಗಲೂ ರಾತ್ರಿ ಕಾಯುವವರು, ದತ್ತಾಂಶ ಸೋಸುವವರು, ಲೆಕ್ಕ ಹಾಕುವವರು, ಇವರಲ್ಲಿ ಯಾರನ್ನು ಬಿಟ್ಟರೂ ಕೆಲಸ ನಡೆಯದು. ಆದ್ದರಿಂದ ತಂಡದ ಪ್ರತಿಯೊಂದು ಪ್ರಬಂಧಕ್ಕೂ ಎಲ್ಲರ ಹೆಸರು ಹಾಕುವುದು ಅಲ್ಲಿನ ರೂಢಿ. ಭಾರತದ ಸಂಸ್ಥೆಗಳೂ ಈ ಕೆಲಸದಲ್ಲಿವೆ. 2017ರಿಂದ ಭಾರತ ಸರ್ನ್‌ನ ಸಹ ಸದಸ್ಯ ದೇಶ.

ಈಗ ಎಣಿಕೆಗೆ ಬನ್ನಿ. ಸುಮ್ನೆ ಒಂದು ಲೆಕ್ಕ ಹಾಕೋಣ. 3,000 ಲೇಖಕರ ಒಂದು ಪ್ರಬಂಧ 6,000 ಸಲ ಉಲ್ಲೇಖವಾಯಿತು ಎಂದುಕೊಳ್ಳಿ. ಮಾಮೂಲಿ ಎಣಿಕೆಯಲ್ಲಿ ಆ 3,000 ಜನರಲ್ಲಿ ಪ್ರತಿಯೊಬ್ಬರ ಖಾತೆಗೂ ಪೂರ್ತಿ 6,000 ಜಮಾ ಆಗುತ್ತದೆ. ಹಂಚಿ ನೋಡಿದರೆ ತಲೆಗೆ ಎರಡೇ ಎರಡು. ಎರಡೂ ಲೆಕ್ಕ ಸರಿಯೇ, ಉತ್ತರದಲ್ಲಿ ಮಾತ್ರ ಅಜಗಜಾಂತರ.

2018ರಲ್ಲಿ ಇಯೊನಿಡಿಸ್ ತಂಡ ಒಂದೇ ವರ್ಷದಲ್ಲಿ 72ಕ್ಕಿಂತ ಹೆಚ್ಚು ಪ್ರಬಂಧ ಪ್ರಕಟಿಸಿದವರನ್ನು ಹುಡುಕಿತು. ಅಂದರೆ ಐದು ದಿನಕ್ಕೊಂದು ಪ್ರಬಂಧ. 9,000ಕ್ಕೂ ಹೆಚ್ಚು ಹೆಸರು ಸಿಕ್ಕಿತು. ಅವರಲ್ಲಿ ಶೇ 86 ಮಂದಿ ಭೌತಶಾಸ್ತ್ರದವರು, ಬಹುತೇಕ ಇಂಥ ದೊಡ್ಡ ತಂಡಗಳಲ್ಲಿ ಇರುವವರು. ಅವರನ್ನೂ, ಹೆಸರುಗಳು ಕಲಸಿಹೋದ ಪ್ರಕರಣಗಳನ್ನೂ ತೆಗೆದ ಮೇಲೆ ಉಳಿದದ್ದು 265 ಹೆಸರು. ನಿಜವಾಗಿ ಅನುಮಾನದಿಂದ ನೋಡಬೇಕಾದ್ದು ಆ 265ನ್ನು.

ಇದನ್ನು ಸರಿದೂಗಿಸಲೆಂದೇ ಶೇ 2 ಪಟ್ಟಿಯಲ್ಲಿ ಆರು ಅಳತೆಗಳನ್ನು ಸೇರಿಸಿ ಒಂದು ಅಂಕ ಮಾಡುತ್ತಾರೆ. ಒಟ್ಟು ಉಲ್ಲೇಖ ಒಂದು. ಎಚ್-ಇಂಡೆಕ್ಸ್ ಇನ್ನೊಂದು. ಎಚ್-ಇಂಡೆಕ್ಸ್ 20 ಎಂದರೆ ತಲಾ 20 ಸಲವಾದರೂ ಉಲ್ಲೇಖವಾದ 20 ಪ್ರಬಂಧ ಆ ವ್ಯಕ್ತಿಗೆ ಇವೆ ಎಂದು ಅರ್ಥ. ಮೂರನೆಯದು ಅದೇ ಇಂಡೆಕ್ಸನ್ನು ಲೇಖಕರ ಸಂಖ್ಯೆಗೆ ತಕ್ಕಂತೆ ಇಳಿಸಿದ ಅಳತೆ. ಉಳಿದ ಮೂರು, ಒಬ್ಬರೇ ಬರೆದ ಪ್ರಬಂಧ, ಮೊದಲ ಹೆಸರಿರುವ ಪ್ರಬಂಧ, ಕೊನೆಯ ಹೆಸರಿರುವ ಪ್ರಬಂಧ ಇವುಗಳಿಗೆ ಬಂದ ಉಲ್ಲೇಖವನ್ನು ಬೇರೆ ಬೇರೆ ರೀತಿ ಕೂಡಿಸಿ ನೋಡುತ್ತವೆ.

ಜಾಣತನದ ಸೂತ್ರವೇ. ಆದರೆ ಮೊದಲ ಹೆಸರು, ಕೊನೆಯ ಹೆಸರು ಎಂಬ ಮಾತಿಗೆ ಕಣ ಭೌತಶಾಸ್ತ್ರದಲ್ಲಿ ಅರ್ಥವೇ ಇಲ್ಲ. ಅಟ್ಲಾಸ್ ತಂಡದಲ್ಲಿ ಹೆಸರುಗಳು ಅಕ್ಷರಕ್ರಮದಲ್ಲಿ ಬರುತ್ತವೆ. ಹಾಗಾಗಿ ‘ಆಡ್’ ಎಂಬ ಉಪನಾಮದವರೇ ನೂರಾರು ಪ್ರಬಂಧಗಳ ‘ಮೊದಲ ಲೇಖಕ’. ಸಿಎಂಎಸ್‌ನಲ್ಲಿ ದೇಶಗಳ ಅಕ್ಷರಕ್ರಮ. ಅರ್ಮೇನಿಯ ಮೊದಲು ಬರುವುದರಿಂದ ಯೆರೆವಾನ್ ನಗರದ ಸಂಸ್ಥೆಯವರ ಹೆಸರು ಮೇಲೆ. ಸಾಧನೆ ಅಳೆಯಲು ಹೊರಟ ಸೂತ್ರ ಇಲ್ಲಿ ಅಕ್ಷರಮಾಲೆಯನ್ನು ಅಳೆಯುತ್ತದೆ.

ದೊಡ್ಡ ತಂಡ ಎಂಬುದು ಭೌತಶಾಸ್ತ್ರಕ್ಕೂ ಹಳೆಯ ಸಂಗತಿ ಅಲ್ಲ. 1965ರಲ್ಲಿ ನಮ್ಮದೇ ಕೋಲಾರ ಚಿನ್ನದ ಗಣಿಯ ಆಳದಲ್ಲಿ ಭಾರತ, ಜಪಾನ್, ಬ್ರಿಟನ್ ವಿಜ್ಞಾನಿಗಳು ವಾಯುಮಂಡಲದ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳನ್ನು ಪತ್ತೆ ಮಾಡಿದರು. ಜಗತ್ತಿನಲ್ಲೇ ಮೊದಲ ಬಾರಿಗೆ ಪತ್ತೆ ಮಾಡಿದವರಲ್ಲಿ ಅವರೂ ಸೇರುತ್ತಾರೆ. ಇಡೀ ತಂಡ ಒಂದು ವ್ಯಾನಿನಲ್ಲಿ ಹಿಡಿಸುವಷ್ಟಿತ್ತು.

ಮಂಗನ ಕಾಯಿಲೆಗೆ ಎಷ್ಟು ಅಂಕ?

ವೈದ್ಯಕೀಯದಲ್ಲಿ ಹೆಸರಿನ ಜಾಗಕ್ಕೆ ಅರ್ಥ ಇದೆ. ಕೆಲಸ ಮಾಡಿದವರ ಹೆಸರು ಮೊದಲು, ಮುಖ್ಯಸ್ಥರದು ಕೊನೆಗೆ. ಅದಕ್ಕೇ ಜಗಳವೂ ಜಾಸ್ತಿ. ಕೆಲಸ ಮಾಡದವರ ಹೆಸರನ್ನು ದಾಕ್ಷಿಣ್ಯಕ್ಕೆ ಸೇರಿಸುವುದು ಇಲ್ಲಿನ ಹಳೇ ರೋಗ. ವೈದ್ಯಕೀಯ ಕಾಲೇಜುಗಳಲ್ಲಿ ಬಡ್ತಿಗೆ ಪ್ರಬಂಧ ಬೇಕು ಎಂಬ ನಿಯಮ ಇರುವುದರಿಂದ, ದಿನಕ್ಕೆ ನೂರು ರೋಗಿಗಳನ್ನು ನೋಡುವ ವೈದ್ಯರೂ ಪ್ರಬಂಧದ ಹಿಂದೆ ಓಡಬೇಕು.

ಆದರೆ ಮಲೆನಾಡಿಗೆ ಸಂಬಂಧಿಸಿದ ತೊಂದರೆ ಬೇರೆ. ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಜನಕ್ಕೂ ಜ್ವರ ಬಂತು. ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಭಯ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂದು ನೋಡಿದಾಗ ಅದು ಹೊಸದೇ ಒಂದು ವೈರಸ್. ಹರಡುವುದು ಉಣುಗಿನಿಂದ. ಕ್ಯಾಸನೂರಿನ ಹೆಸರು ಹೀಗೆ ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಹೋಯಿತು.

ಕಾಯಿಲೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಡಿಸೆಂಬರ್‌ನಿಂದ ಮೇವರೆಗೆ, ದರಗು (ಒಣಗಿದ ಎಲೆ) ಗುಡಿಸುವುದಕ್ಕೆ, ಸೌದೆಗೆ ಕಾಡಿಗೆ ಹೋಗುವ ಹೊತ್ತಿನಲ್ಲೇ ಇದರ ಹಾವಳಿ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಈ ಕಾಯಿಲೆ ಹೇಗೆ ಜೀವ ತೆಗೆಯಿತು ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಶಿವಮೊಗ್ಗ ಜಿಲ್ಲೆಯ ಕಾಯಿಲೆ ಅನ್ನಿಸಿಕೊಂಡಿದ್ದದ್ದು 2012ರ ನಂತರ ತಮಿಳುನಾಡು, ಕೇರಳ, ಗೋವಾ, ಮಹಾರಾಷ್ಟ್ರಕ್ಕೂ ಹೋಗಿದೆ.

ಈ ಕಾಯಿಲೆಯ ಬಗ್ಗೆ ಒಬ್ಬರು ಒಳ್ಳೆಯ ಪ್ರಬಂಧ ಬರೆದರು ಎಂದಿಟ್ಟುಕೊಳ್ಳಿ. ಉಲ್ಲೇಖಿಸುವವರು ಯಾರು? ಅದೇ ಕಾಯಿಲೆಯ ಮೇಲೆ ಕೆಲಸ ಮಾಡುವ ಇನ್ನೊಬ್ಬರು. ಅಂಥವರು ಜಗತ್ತಿನಲ್ಲಿ ಎಷ್ಟು ಮಂದಿ? ಸಕ್ಕರೆ ಕಾಯಿಲೆ, ಕ್ಯಾನ್ಸರ್ ಸಂಶೋಧಕರಿಗೆ ಹೋಲಿಸಿದರೆ ತೀರಾ ಕಡಿಮೆ. ಪ್ರಬಂಧ ಎಷ್ಟೇ ಚೆನ್ನಾಗಿರಲಿ, ಉಲ್ಲೇಖಕ್ಕೆ ಒಂದು ಮಿತಿ ಇದ್ದೇ ಇದೆ. ಅದು ಬರೆದವರ ಯೋಗ್ಯತೆಯ ಮಿತಿ ಅಲ್ಲ, ಓದುವವರ ಸಂಖ್ಯೆಯ ಮಿತಿ. ಉಪಕ್ಷೇತ್ರದೊಳಗೆ ಹೋಲಿಸಿದರೂ ಇದು ಸರಿಹೋಗದು. ಏಕೆಂದರೆ ವೈರಸ್ ಶಾಸ್ತ್ರ ಎಂಬ ಒಂದೇ ಬುಟ್ಟಿಯಲ್ಲಿ ಕೋವಿಡ್, ಎಚ್‌ಐವಿ ಸಂಶೋಧಕರೂ ಇದ್ದಾರೆ.

ಅಂಕ ಕಡಿಮೆ ಎಂದ ಮಾತ್ರಕ್ಕೆ ಪರಿಣಾಮ ಕಡಿಮೆಯೇ? ಲಸಿಕೆಯ ಕತೆ ನೋಡಿ. ಕೋಳಿ ಭ್ರೂಣದ ಜೀವಕೋಶದಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆಯನ್ನು 1990ರಿಂದ ಇಲ್ಲಿ ಕೊಡುತ್ತಿದ್ದರು. ಎರಡು ಡೋಸ್‌ಗೆ ಶೇ 93.5ರಷ್ಟು ರಕ್ಷಣೆ ಎಂದು ಮೊದಲ ಪರೀಕ್ಷೆಯ ವರದಿ ಹೇಳಿತ್ತು. ಆದರೆ 2005ರಿಂದ 2010ರವರೆಗಿನ ಕರ್ನಾಟಕದ ದಾಖಲೆಗಳನ್ನು ಇಟ್ಟುಕೊಂಡು 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಕಂಡದ್ದು ಶೇ 62.4 ಮಾತ್ರ. ಬೂಸ್ಟರ್ ಸೇರಿಸಿದರೆ ಶೇ 82.9. ಈ ಅಧ್ಯಯನದಲ್ಲಿ ಶಿವಮೊಗ್ಗದಲ್ಲೇ ಕೆಲಸ ಮಾಡುತ್ತಿದ್ದ ಅಧಿಕಾರಿಗಳ ಕೈ ಇತ್ತು. ಲಸಿಕೆಯ ಮೇಲಿನ ಪ್ರಶ್ನೆಗಳು ಬೆಳೆಯುತ್ತಾ ಹೋಗಿ ಕೊನೆಗೆ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸ ಲಸಿಕೆಯ ಕೆಲಸ ಮಾಡುತ್ತಿವೆ. ‘ಲಸಿಕೆ ಕೆಲಸ ಮಾಡುತ್ತಿಲ್ಲ’ ಎಂದು ಲೆಕ್ಕ ಹಾಕಿ ತೋರಿಸುವುದು ದೊಡ್ಡ ಸೇವೆಯೇ. ಆದರೆ ಅಂಥ ಪ್ರಬಂಧ ಒಬ್ಬರನ್ನು ಶೇ 2ಕ್ಕೆ ಏರಿಸುವುದಿಲ್ಲ.

ಪ್ರಬಂಧವೇ ಆಗದ ಕೆಲಸ ಇನ್ನೂ ಇದೆ. ಸತ್ತ ಮಂಗದ ಸುದ್ದಿ ಬಂದರೆ ಕಾಡಿಗೆ ಹೋಗಬೇಕು. ಸುತ್ತ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಹಾಕಬೇಕು. ಬಟ್ಟೆ ಎಳೆದು ಉಣುಗು ಹಿಡಿಯಬೇಕು, ಬಗೆ ಗುರುತಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು. ಇದರ ಮೇಲೆಯೇ ಮುಂದಿನ ಸಂಶೋಧನೆ ಎಲ್ಲ ನಿಂತಿದೆ. ಕಣ ಭೌತಶಾಸ್ತ್ರದ ರೂಢಿ ಇಲ್ಲಿದ್ದಿದ್ದರೆ ಉಣುಗು ಹಿಡಿದವರೂ ಲೇಖಕರಾಗುತ್ತಿದ್ದರು. ವೈದ್ಯಕೀಯ ರೂಢಿಯಲ್ಲಿ ಅವರಿಗೆ ಹೆಚ್ಚೆಂದರೆ ಕೊನೆಯಲ್ಲಿ ಒಂದು ಸಾಲಿನ ಧನ್ಯವಾದ.

ಕನ್ನಡದಲ್ಲಿ ಬರೆದರೆ ಸೊನ್ನೆ

ಮೂರನೆಯದು ರಾಜಕೀಯ ಸಂವಹನ. ನಾಯಕರು, ಪಕ್ಷಗಳು, ಮಾಧ್ಯಮ ಏನು ಹೇಳುತ್ತವೆ, ಜನ ಅದನ್ನು ಹೇಗೆ ತೆಗೆದುಕೊಳ್ಳುತ್ತಾರೆ ಎಂಬ ಅಧ್ಯಯನ. ಶಿವಮೊಗ್ಗ ಜಿಲ್ಲೆಯಷ್ಟು ಇದಕ್ಕೆ ವಸ್ತು ಕೊಡುವ ಜಾಗ ಕಡಿಮೆ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿ ಅಳೆಯುವ ಕೊಳಗದ ವಿಷಯ ಊರಿಂದೂರಿಗೆ ಹೇಗೆ ಹಬ್ಬಿತು? 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತನಾಡಿದ್ದಕ್ಕೆ ಕ್ಷೇತ್ರದ ಜನ ಏನೆಂದರು? ಕಡಿದಾಳು ಮಂಜಪ್ಪನವರಿಂದ ಬಂಗಾರಪ್ಪ, ಯಡಿಯೂರಪ್ಪನವರ ತನಕ ಭಾಷಣದ ಧಾಟಿ ಹೇಗೆ ಬದಲಾಯಿತು? ಒಂದೊಂದೂ ಒಂದು ಪಿಎಚ್‌.ಡಿಗೆ ಸಾಕು.

ಇದನ್ನು ಕನ್ನಡದಲ್ಲಿ ಪುಸ್ತಕವಾಗಿ ಬರೆದರೆ ಸ್ಕೋಪಸ್ ಆಧಾರದ ಪಟ್ಟಿಯಲ್ಲಿ ಹೆಚ್ಚುಕಡಿಮೆ ಸೊನ್ನೆ. ಅಲ್ಲಿ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಇಂಗ್ಲಿಷ್ ನಿಯತಕಾಲಿಕಗಳ ಪ್ರಬಂಧಗಳು. ಇನ್ನೂ ಒಂದು ತೊಡಕಿದೆ. ಈ ಕ್ಷೇತ್ರದಲ್ಲಿ ಉಲ್ಲೇಖ ನಿಧಾನ. ಒಂದು ಪುಸ್ತಕ ಜನರ ಬಾಯಿಗೆ ಬೀಳಲು ಹತ್ತು ವರ್ಷ ಬೇಕಾಗಬಹುದು. ಒಂದೇ ವರ್ಷದ ಪಟ್ಟಿ ಅಷ್ಟು ಕಾಯುವುದಿಲ್ಲ.

ಹಾಗೆಂದು ಇದು ಸುಲಭದ, ಅಂದಾಜಿನ ವಿದ್ಯೆ ಎಂದುಕೊಳ್ಳಬೇಡಿ. 2018ರಲ್ಲಿ ಜೋಶುವಾ ಕಲ್ಲ ಮತ್ತು ಡೇವಿಡ್ ಬ್ರೂಕ್‌ಮನ್ ಅಮೆರಿಕದ 49 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದರು. ಸಾರ್ವತ್ರಿಕ ಚುನಾವಣೆಯಲ್ಲಿ ಮನೆಮನೆ ಪ್ರಚಾರ, ಜಾಹೀರಾತುಗಳಿಂದ ಮತದಾರ ತನ್ನ ಆಯ್ಕೆ ಬದಲಿಸುವ ಪ್ರಮಾಣ ಸರಾಸರಿ ಸೊನ್ನೆ ಎಂದು ಅವರಿಗೆ ಕಂಡಿತು. ಕೋಟಿಗಟ್ಟಲೆ ಸುರಿಯುವ ಪಕ್ಷಗಳಿಗೆ ಇದು ಕಹಿ ಗುಳಿಗೆ. ನಮ್ಮಲ್ಲಿ ಇದು ಹೀಗೆಯೇ ಎಂದು ಹೇಳಲಾಗದು. ಇಲ್ಲಿನ ಚುನಾವಣೆಯನ್ನು ಇಲ್ಲಿಯೇ ಅಳೆಯಬೇಕು, ಇಲ್ಲಿನ ಭಾಷೆಯಲ್ಲೇ ಜನರನ್ನು ಕೇಳಬೇಕು. ಆ ಕೆಲಸಕ್ಕೆ ಅಂಕ ಇಲ್ಲವಾದರೆ ಮಾಡುವವರು ಯಾರು?

ತಪ್ಪು ಮಾಡಿದರೂ ಎಣಿಕೆ ಏರುತ್ತದೆ

ಉಲ್ಲೇಖ ಎಂದರೆ ಮೆಚ್ಚುಗೆ ಎಂದು ನಾವು ನಂಬಿದ್ದೇವೆ. ‘ಇವರು ಹೇಳಿದ್ದು ತಪ್ಪು’ ಎಂದು ಬರೆದರೂ ಅದು ಒಂದು ಉಲ್ಲೇಖವೇ.

2011ರಲ್ಲಿ ಇಟಲಿಯ ಒಪೆರಾ ತಂಡ, ನ್ಯೂಟ್ರಿನೊಗಳು ಬೆಳಕಿಗಿಂತ ವೇಗವಾಗಿ, ಸುಮಾರು 60 ನ್ಯಾನೊಸೆಕೆಂಡ್ ಮೊದಲೇ ಬಂದವು ಎಂದಿತು. ನಮಗೇ ನಂಬಿಕೆ ಬರುತ್ತಿಲ್ಲ, ನೀವೂ ಪರೀಕ್ಷಿಸಿ ಎಂದು ಎಲ್ಲರ ಮುಂದೆ ಇಟ್ಟಿತು. ಕೆಲವೇ ತಿಂಗಳಲ್ಲಿ ಕಾರಣ ಸಿಕ್ಕಿತು. ಮುಖ್ಯವಾಗಿ ಸರಿಯಾಗಿ ಕೂರದ ಒಂದು ಫೈಬರ್ ಕೇಬಲ್. ರಾಜಕೀಯ ವಿಜ್ಞಾನದಲ್ಲಿ 2014ರ ಕೊನೆಗೆ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಹೆಸರಾಂತ ಅಧ್ಯಯನದ ದತ್ತಾಂಶವನ್ನೇ ನಂಬಲಾಗದು ಎಂದು ಮೇಲೆ ಹೇಳಿದ ಬ್ರೂಕ್‌ಮನ್, ಕಲ್ಲ ಅವರೇ ಇನ್ನೊಬ್ಬರ ಜೊತೆ ಸೇರಿ ತೋರಿಸಿದರು. 2015ರ ಮೇ ತಿಂಗಳಲ್ಲಿ ಅದನ್ನು ಹಿಂಪಡೆಯಲಾಯಿತು. 2020ರ ಮೇ 22ರಂದು ‘ಲ್ಯಾನ್ಸೆಟ್’ನಲ್ಲಿ ಬಂದ ಹೈಡ್ರಾಕ್ಸಿಕ್ಲೋರೊಕ್ವಿನ್ ಪ್ರಬಂಧ ಜೂನ್ 4ಕ್ಕೇ ವಾಪಸ್. ಅಷ್ಟರೊಳಗೆ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧದ ಪರೀಕ್ಷೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿಯೂ ಆಗಿತ್ತು. ಇಂಥ ಪ್ರಬಂಧಗಳ ತಪ್ಪು ತೋರಿಸಲು ಮಾಡಿದ ಉಲ್ಲೇಖವೂ ಎಣಿಕೆಗೆ ಸೇರುತ್ತದೆ.

2023ರಲ್ಲಿ ಜಗತ್ತಿನಾದ್ಯಂತ ಹಿಂಪಡೆದ ಪ್ರಬಂಧಗಳು 10,000 ದಾಟಿದವು. ಅದರಲ್ಲಿ 8,000ಕ್ಕೂ ಹೆಚ್ಚು ಹಿಂದಾವಿ ಎಂಬ ಒಂದೇ ಪ್ರಕಾಶಕರವು. ದುಡ್ಡು ಕೊಟ್ಟರೆ ಪ್ರಬಂಧ ತಯಾರಿಸಿಕೊಡುವ ದಂಧೆ ಇದರ ಹಿಂದಿತ್ತು. ದಂಧೆಗೆ ಗಿರಾಕಿ ಹುಟ್ಟಿಸಿದ್ದು ‘ಬಡ್ತಿಗೆ ಇಷ್ಟು ಪ್ರಬಂಧ’ ಎಂಬ ನಿಯಮವೇ.

ಪಟ್ಟಿ ಬೇಕು ಎನ್ನುವವರ ಮಾತು

ಇಷ್ಟೆಲ್ಲ ಕೇಳಿದ ಮೇಲೆ ಪಟ್ಟಿಯನ್ನು ಎಸೆದುಬಿಡಿ ಎನ್ನುವುದು ಸುಲಭ. ಆದರೆ ಎದುರು ವಾದದಲ್ಲೂ ತೂಕ ಇದೆ. ನಮ್ಮ ನೇಮಕಾತಿ, ಬಡ್ತಿಗಳಲ್ಲಿ ಜಾತಿ, ಶಿಫಾರಸು, ಗುಂಪುಗಾರಿಕೆ ಇದೆ ಎಂಬ ದೂರು ಹೊಸದಲ್ಲ. ಯಾರ ಬೆಂಬಲವೂ ಇಲ್ಲದ ಒಬ್ಬ ಮೇಷ್ಟ್ರಿಗೆ ‘ನನ್ನ ಕೆಲಸವನ್ನು ಜಗತ್ತು ಇಷ್ಟು ಓದಿದೆ’ ಎಂದು ತೋರಿಸಲು ಒಂದು ಅಂಕಿ ಇರುವುದು ಸಣ್ಣ ಸಂಗತಿ ಅಲ್ಲ. ಅದು ಹೊರಗಿನಿಂದ ಬಂದದ್ದು, ಕುಲಪತಿಗಳ ಮರ್ಜಿಯಿಂದ ಬಂದದ್ದಲ್ಲ. ಸಣ್ಣ ಊರಿನ ವಿವಿಯಲ್ಲಿ ಕೂತು ಪಟ್ಟಿಗೆ ಬಂದವರು ನಿಜಕ್ಕೂ ಕಷ್ಟಪಟ್ಟಿರುತ್ತಾರೆ.

ವಿರೋಧಿಸುವವರ ವಾದ ಹೀಗಿದೆ: ಅಂಕಿಯೇ ಗುರಿಯಾದರೆ ಜನ ಅಂಕಿಯನ್ನೇ ಬೆಳೆಯುತ್ತಾರೆ. ಪರಸ್ಪರ ಉಲ್ಲೇಖಿಸಿಕೊಳ್ಳುತ್ತಾರೆ, ಒಂದು ಸಂಶೋಧನೆಯನ್ನು ನಾಲ್ಕು ಹೋಳು ಮಾಡಿ ನಾಲ್ಕು ಪ್ರಬಂಧ ಮಾಡುತ್ತಾರೆ, ಉಲ್ಲೇಖ ಬೇಗ ಸಿಗುವ ವಿಷಯಕ್ಕೆ ಹಾರುತ್ತಾರೆ. ಮಲೆನಾಡಿನ ಮಟ್ಟಿಗೆ ಈ ಕೊನೆಯದೇ ಜಾಸ್ತಿ ಅಪಾಯ. ಉಣುಗು, ಅಡಿಕೆಯ ಎಲೆಚುಕ್ಕಿ ರೋಗ, ಶರಾವತಿ ಮುಳುಗಡೆ ಸಂತ್ರಸ್ತರು ಇಂಥ ವಿಷಯ ಹಿಡಿದ ಯುವ ಸಂಶೋಧಕರಿಗೆ ‘ಇದರಲ್ಲಿ ಭವಿಷ್ಯ ಇಲ್ಲ’ ಎಂದು ಅಂಕಿಯೇ ಹೇಳುತ್ತದೆ. ಹೊರಗಿನವರು ಬಂದು ಈ ಕೆಲಸ ಮಾಡುತ್ತಾರೆ ಎಂದು ಕಾಯುವಂತಿಲ್ಲ.

ಹಾಗಾದರೆ ಸರಿ ಯಾರದು? ಪಟ್ಟಿ ಒಂದು ಉಪಕ್ಷೇತ್ರದೊಳಗೆ, ಇಡೀ ವೃತ್ತಿಜೀವನದ ಲೆಕ್ಕದಲ್ಲಿ, ಒಂದು ಸುಳಿವಾಗಿ ಉಪಯೋಗಕ್ಕೆ ಬರುತ್ತದೆ. ಭೌತಶಾಸ್ತ್ರದ ಮೇಷ್ಟ್ರನ್ನು ಪತ್ರಿಕೋದ್ಯಮದ ಮೇಷ್ಟ್ರ ಜೊತೆ ತೂಗಲು, ಬಡ್ತಿ ತೀರ್ಮಾನಿಸಲು ಅದಕ್ಕೆ ಯೋಗ್ಯತೆ ಇಲ್ಲ.

ನಿಯಮ ಎತ್ತ ಹೋಗುತ್ತಿದೆ

ಸರ್ಕಾರದ ನಡೆಯಲ್ಲೂ ಎರಡು ದಿಕ್ಕು ಕಾಣುತ್ತಿದೆ. ಪಿಎಚ್‌.ಡಿ ಪಡೆಯಲು ಮೊದಲೇ ಪ್ರಬಂಧ ಪ್ರಕಟಿಸಬೇಕು ಎಂಬ ಕಡ್ಡಾಯವನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರಲ್ಲಿ ತೆಗೆಯಿತು. ಒಳ್ಳೆಯ ನಿಯತಕಾಲಿಕಗಳೆಂದು ತಾನೇ ಮಾಡಿದ್ದ ‘ಕೇರ್’ ಪಟ್ಟಿಯನ್ನು 2025ರ ಆರಂಭದಲ್ಲಿ ಕೈಬಿಟ್ಟಿತು. ಯಾವುದು ಒಳ್ಳೆಯ ಪತ್ರಿಕೆ ಎಂಬುದನ್ನು ಇನ್ನು ವಿವಿಗಳೇ ತೀರ್ಮಾನಿಸಬೇಕು. ಇನ್ನೊಂದು ಕಡೆ, ಎನ್‌ಐಆರ್‌ಎಫ್ 2025ರಿಂದ ಹಿಂಪಡೆದ ಪ್ರಬಂಧಗಳಿಗೆ ಅಂಕ ಕಳೆಯತೊಡಗಿದೆ. ಶೇ 2 ಪಟ್ಟಿಯಲ್ಲೂ ಈಚೆಗೆ ಒಬ್ಬೊಬ್ಬರ ಹಿಂಪಡೆದ ಪ್ರಬಂಧ ಎಷ್ಟು ಎಂಬ ಕಾಲಂ ಇದೆ. ಸ್ವಂತ ಉಲ್ಲೇಖ ಬಿಟ್ಟರೆ ಸ್ಥಾನ ಎಷ್ಟು ಎಂಬುದೂ ಇದೆ. ಯಾರು ಬೇಕಾದರೂ ಕಡತ ಇಳಿಸಿಕೊಂಡು ನೋಡಬಹುದು. ಅಭಿನಂದನೆಯ ಸುದ್ದಿ ಬರೆಯುವ ಮೊದಲು ವರದಿಗಾರರು ಆ ಎರಡು ಕಾಲಂ ಮತ್ತು ಉಪಕ್ಷೇತ್ರದ ಹೆಸರು ನೋಡಿದರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

2025ರ ಜನವರಿಯಲ್ಲಿ ಯುಜಿಸಿ ಅಧ್ಯಾಪಕರ ನೇಮಕ ಮತ್ತು ಬಡ್ತಿಗೆ ಹೊಸ ಕರಡು ನಿಯಮ ಹೊರಡಿಸಿತು. ಪ್ರಬಂಧದ ಅಂಕ ಲೆಕ್ಕದ ಬದಲು ಒಂಬತ್ತು ಬಗೆಯ ‘ಗಮನಾರ್ಹ ಕೊಡುಗೆ’ಗಳಲ್ಲಿ ನಾಲ್ಕನ್ನಾದರೂ ತೋರಿಸಬೇಕು ಎಂಬುದು ಅದರಲ್ಲಿನ ಒಂದು ಅಂಶ. ಭಾರತೀಯ ಭಾಷೆಗಳಲ್ಲಿ ಪಾಠ ಮಾಡುವುದು, ಸಮುದಾಯದ ಜೊತೆಗಿನ ಕೆಲಸ, ಪ್ರಯೋಗಾಲಯ ಕಟ್ಟುವುದು ಅದರಲ್ಲಿ ಸೇರಿವೆ. ಕುಲಪತಿಗಳ ನೇಮಕದಲ್ಲಿ ರಾಜ್ಯದ ಅಧಿಕಾರ ಕಸಿಯುತ್ತದೆ ಎಂದು ಕರ್ನಾಟಕ ಸೇರಿ ಹಲವು ರಾಜ್ಯಗಳು ಇದನ್ನು ವಿರೋಧಿಸಿದವು. ಆ ವಿರೋಧಕ್ಕೆ ಕಾರಣ ಇತ್ತು. ಆದರೆ ಆ ಗಲಾಟೆಯಲ್ಲಿ ಅಂಕಿ ಬಿಟ್ಟು ಕೆಲಸ ನೋಡುವ ಭಾಗದ ಬಗ್ಗೆ ಇಲ್ಲಿ ಚರ್ಚೆ ನಡೆದದ್ದು ಕಡಿಮೆ. ಸಮುದಾಯದ ಕೆಲಸ ಎಂದು ಯಾರು ಒಪ್ಪಬೇಕು, ಮತ್ತೆ ಅದೇ ಶಿಫಾರಸಿನ ದಾರಿ ತೆರೆಯದಂತೆ ತಡೆಯುವುದು ಹೇಗೆ ಎಂಬ ಪ್ರಶ್ನೆಗೆ ಕರಡಿನಲ್ಲಿ ಸ್ಪಷ್ಟ ಉತ್ತರ ಇಲ್ಲ. ಕುವೆಂಪು ವಿವಿಯಂಥ ಕಡೆ ಮಂಗನ ಕಾಯಿಲೆ ಅಥವಾ ಕನ್ನಡದ ರಾಜಕೀಯ ಭಾಷಣದ ಮೇಲೆ ಕೆಲಸ ಮಾಡುವವರಿಗೆ ಬಡ್ತಿಯ ದಾರಿ ಸಿಗುತ್ತದೋ ಇಲ್ಲವೋ ಎಂಬುದು ಈ ಉತ್ತರವನ್ನೇ ಅವಲಂಬಿಸಿದೆ.